ದಳವಾಯಿ ಕೊಟ್ಟ ಎಲೆ

ನನಗೆ ಹಾರ್ಮೋನಿಯಂ ಕಲಿಸಿದ ಗುರುಗಳು ಮೊದಲ ಎರಡು ವರ್ಷ ಅದನ್ನು ಮುಟ್ಟಲು ಬಿಡಲಿಲ್ಲ, ಹೊರಲು ಮಾತ್ರ ಬಿಟ್ಟರು. ಯಾವ ಊರಿಗೆ ನಾಟಕ ಕಲಿಸಲು ಹೊರಟರೂ ಅವರು ಪಂಚೆಯ ಚುಂಗು ಹಿಡಿದು ಮುಂದೆ ನಡೆಯುವರು, ನಾನು ಪೆಟ್ಟಿಗೆ ತಲೆಯ ಮೇಲಿಟ್ಟುಕೊಂಡು ಹಿಂದೆ. ಆರನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದೆ. ಅಪ್ಪ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅದಕ್ಕೆ ಅಂದೂ ನಾಚಿಕೆಪಡಲಿಲ್ಲ, ಇಂದೂ ಇಲ್ಲ. ಹಗಲೆಲ್ಲ ಅರಸೀಕೆರೆಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿದು, ಸಂಜೆ ಗುರುಗಳ ಪಂಚೆ ಒಗೆದು, ಅವರು ಮಲಗಿದ ಮೇಲೆ ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಪೆಟ್ಟಿಗೆಯ ಕರಿ ಬಿಳಿ ಮನೆಗಳನ್ನು ಬರೆದುಕೊಂಡು ಬೆರಳಾಡಿಸಿ ಕಲಿತ ವಿದ್ಯೆ ನನ್ನದು. ಯಾರೂ ಪುಕ್ಕಟೆ ಕೊಟ್ಟದ್ದಲ್ಲ.

ಗುರುಗಳಿಂದ ಕಲಿತ ರಾಗಗಳಲ್ಲಿ ಅರ್ಧ ಮರೆತಿದ್ದೇನೆ. ಒಂದು ಪಾಠ ಮಾತ್ರ ಮರೆತಿಲ್ಲ.

ಜಾವಗಲ್ ಕಡೆಯ ಒಂದು ಹಳ್ಳಿಯಲ್ಲಿ ಊರ ಗೌಡರ ಮಗ ರಾಜಕುಮಾರನ ಪಾತ್ರ ಕಟ್ಟಿದ್ದ. ಅಭ್ಯಾಸದ ಮೂರು ತಿಂಗಳೂ ಅವನು ಕುರ್ಚಿಯಲ್ಲಿ ಕೂರುವನು, ಗುರುಗಳು ಚಾಪೆಯಲ್ಲಿ. ಆಟದ ದಿನ ಅವನ ಮೊದಲನೇ ಹಾಡಿಗೇ ಪೆಟ್ಟಿಗೆಯ ಮೇಲೆ ಅವರ ಬೆರಳು ದಿನದ ಮನೆ ಬಿಟ್ಟು ಬಲಕ್ಕೆ ಸರಿದುದನ್ನು ಪಕ್ಕದಲ್ಲಿ ಕೂತಿದ್ದ ನಾನು ಕಂಡೆ. ರಾಜಕುಮಾರ ಮೇಲಿನ ಸ್ವರಕ್ಕೆ ಬರುವಷ್ಟರಲ್ಲಿ ಕೋಳಿ ಕುತ್ತಿಗೆ ಹಿಚುಕಿದ ಹಾಗೆ ಕಿರುಚಿದ. ಜನ ಸಿಳ್ಳೆ ಹಾಕಿದರು. ಗುರುಗಳು ತಲೆದೂಗುತ್ತ ನುಡಿಸುತ್ತಲೇ ಇದ್ದರು. ಮಾರನೇ ದಿನ ಬಸ್ಸಿನಲ್ಲಿ ಹೇಳಿದರು:

"ಬೈದ್ರೆ ಬೈದ ಅಂತಾರೆ. ಹೊಡುದ್ರೆ ಕೇಸಾಯ್ತದೆ. ಶ್ರುತಿ ಏರಿಸಿದ್ರೆ ಯಾವ ನನ್ಮಗನಿಗೂ ಗೊತ್ತಾಗಲ್ಲ ಕಣೋ. ಗಂಟಲಿಲ್ಲ ಅಂತ ಜನ ಅವನಿಗೇ ಉಗೀತಾರೆ."

ಹಾರ್ಮೋನಿಯಂ ಅರಿಯದವರಿಗೆ ಒಂದು ಮಾತು. ಹಾಡುವವನು ಎಲ್ಲಿಂದ ಶುರುಮಾಡಬೇಕು ಎಂದು ಹೇಳುವುದು ಪೆಟ್ಟಿಗೆ. ನಮ್ಮ ಹಳ್ಳಿಯ ಆಟಗಾರರು ರಾಗಿ ಬೆಳೆಯುವವರು, ತೆಂಗಿನ ತೋಟ ಇಟ್ಟವರು. ಅವರಿಗೆ ಮನೆಗಳ ಲೆಕ್ಕ ಗೊತ್ತಿಲ್ಲ, ಕಿವಿಗೆ ಬಿದ್ದದ್ದನ್ನು ಹಿಡಿದು ಹಾಡುತ್ತಾರೆ. ಮೂರು ತಿಂಗಳು ಕಪ್ಪು ಒಂದರಲ್ಲಿ, ಅಂದರೆ ಮೊದಲನೇ ಕರಿ ಮನೆಯ ಶ್ರುತಿಯಲ್ಲಿ, ಪಳಗಿದ ಗಂಟಲನ್ನು ಆಟದ ದಿನ ಕಪ್ಪು ಎರಡಕ್ಕೆ ಎಳೆದರೆ ಕೆಳಗಿನ ಸ್ವರಗಳು ಹೇಗೋ ಬರುತ್ತವೆ. ತುದಿಯ ಸ್ವರದಲ್ಲಿ ಗಂಟಲು ಒಡೆಯುತ್ತದೆ. ಯಾಕೆ ಒಡೆಯಿತು ಎಂದು ಅವನಿಗೇ ತಿಳಿಯುವುದಿಲ್ಲ.

ತೊಂಬತ್ತರ ದಶಕ ಶುರುವಾಗುವ ಹೊತ್ತಿಗೆ ಗುರುಗಳು ತೀರಿಕೊಂಡಿದ್ದರು, ಪೆಟ್ಟಿಗೆ ನನ್ನದಾಗಿತ್ತು, ಅದನ್ನು ಹೊರಲು ನನಗೊಬ್ಬ ಆಳೂ ಇದ್ದ. ಅರಸೀಕೆರೆಯಿಂದ ಹಳೇಬೀಡಿನ ತನಕ, ಆಮೇಲಾಮೇಲೆ ಬೇಲೂರಿನ ಆಚೆಗೂ, ನನ್ನನ್ನು ಮೇಷ್ಟ್ರೇ ಎಂದು ಕರೆಯದ ಊರಿರಲಿಲ್ಲ. ಎಲ್ಲರೂ ಹಳೆಯ ನಾಟಕಗಳನ್ನೇ ಆಡಿಸುತ್ತಿದ್ದಾಗ ನಾನೇ ಒಂದು ಕಟ್ಟಿದೆ. ಒಬ್ಬ ರಾಜ, ಅವನನ್ನು ಕೊನೆಯತನಕ ಬಿಡದ ಒಬ್ಬ ದಳವಾಯಿ, ಸೋತ ಯುದ್ಧ. ಮಾತೂ ನನ್ನದು, ಹಾಡಿನ ಮಟ್ಟೂ ನನ್ನದು. ಆರನೇ ಕ್ಲಾಸಿನವನು ಬರೆದ ನಾಟಕವನ್ನು ಬಿ.ಎ. ಮಾಡಿದವರು ಬಾಯಿಪಾಠ ಮಾಡಿದರು. ಆ ಕಾಲದಲ್ಲಿ ನನ್ನ ನಡಿಗೆಯೇ ಬೇರೆಯಾಗಿತ್ತು ಎಂದು ಹೆಂಡತಿ ಈಗಲೂ ಹೇಳುತ್ತಾಳೆ.

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುವ ಒಂದು ಊರಿನವರು ಆ ನಾಟಕ ಕಲಿಸಲು ಕರೆದರು. ಊರಿನ ಹೆಸರು ಬೇಡ. ನಮ್ಮ ಕಡೆ ಒಮ್ಮೆ ಪಾತ್ರ ಕಟ್ಟಿದವನಿಗೆ ಸಾಯುವತನಕ ಆ ಹೆಸರೇ ನಿಲ್ಲುತ್ತದೆ. ಹಾಗಾಗಿ ಅಲ್ಲಿ ರಾಜ, ದಳವಾಯಿ ಆದ ಇಬ್ಬರನ್ನೂ ಊರವರು ಕರೆದಂತೆಯೇ ಕರೆಯುತ್ತೇನೆ.

ರಾಜನ ಪಾತ್ರ ಕಟ್ಟಿದವನು ದೊಡ್ಡ ತೋಟದ ಮನೆಯವನು. ಎತ್ತರದ ಆಳು, ಕಂಚಿನಂಥ ಗಂಟಲು. ಅವನು ಮೊದಲ ದಿನ ಬಾಯಿ ಬಿಟ್ಟಾಗಲೇ ನನಗೆ ಗೊತ್ತಾಯಿತು, ಇಂಥ ಗಂಟಲು ನನ್ನ ಕೈಗೆ ಮತ್ತೆ ಸಿಗುವುದಿಲ್ಲ ಎಂದು. ನನಗಿರುವುದು ಬೆರಳು, ಗಂಟಲಲ್ಲ. ನಾನು ಹಾಡಿದರೆ ಗರಗಸ ಎಳೆದ ಹಾಗೆ. ಅದು ನನಗೂ ಗೊತ್ತು, ಆದರೆ ಗೊತ್ತಿರುವುದು ಬೇರೆ, ಇನ್ನೊಬ್ಬ ಹೇಳುವುದು ಬೇರೆ.

ದಳವಾಯಿಯ ಪಾತ್ರ ಕಟ್ಟಿದವನು ಊರ ಬಸ್ ಸ್ಟಾಪಿನಲ್ಲಿ ಎಲೆ ಅಡಿಕೆ ಅಂಗಡಿ ಇಟ್ಟುಕೊಂಡಿದ್ದ. ಸಣ್ಣ ಆಳು, ಮಾತು ಕಮ್ಮಿ. ಊರಲ್ಲಿ ಯಾವ ಮದುವೆ, ನಾಮಕರಣ, ಬೀಗರೂಟವಿದ್ದರೂ ಎಲೆ ಅವನ ಅಂಗಡಿಯದೇ. ಅಭ್ಯಾಸಕ್ಕೆ ಬರುವಾಗ ಒದ್ದೆ ಬಟ್ಟೆಯಲ್ಲಿ ಎಲೆ ಸುತ್ತಿಕೊಂಡು ಬರುವನು. ನಾಟಕದಲ್ಲಿ ಕೊನೆಯ ಹಾಡಿಗೆ ಮುಂಚೆ ದಳವಾಯಿ ರಾಜನಿಗೆ ತಾಂಬೂಲ ಕೊಡುವ ಒಂದು ಸನ್ನಿವೇಶ ಬರೆದಿದ್ದೆ. ಅವನು ಅಭ್ಯಾಸದಲ್ಲೂ ಬರೀ ಕೈ ಚಾಚದೆ ನಿಜವಾದ ಎಲೆಯನ್ನೇ ಮಡಿಚಿ, ಲವಂಗ ಚುಚ್ಚಿ ಕೊಡುತ್ತಿದ್ದ. "ಗಂಟ್ಲು ಬೆಚ್ಚಗಿರ್ತದೆ," ಅನ್ನುತ್ತಿದ್ದ.

ಒಂದು ಸಂಜೆ ರಾಜನಿಗೆ ಕೊನೆಯ ಹಾಡಿನ ಒಂದು ತಿರುವು ಹಾಡಿ ತೋರಿಸುತ್ತಿದ್ದೆ. ಊರಿನ ಗಂಡಸರೆಲ್ಲ ಗೋಡೆಗೆ ಒರಗಿ ಕೂತಿದ್ದರು. ರಾಜ ಕೈ ಎತ್ತಿದ.

"ನಿಲ್ಸಿ ಮೇಷ್ಟ್ರೇ, ನಿಲ್ಸಿ! ನೀವು ಹಾಡಬ್ಯಾಡಿ. ನೀವು ಹಾಡಿದ್ರೆ ನಮ್ಮನೆ ಎಮ್ಮೆ ಹಗ್ಗ ಕಿತ್ಕಂಡು ಹೋಯ್ತದೆ. ಪೆಟ್ಟಿಗೆ ಒತ್ತಿ, ಸಾಕು. ಹಾಡಾಕೆ ನಾನಿವ್ನಿ."

ಗೋಡೆಗೆ ಒರಗಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಒಬ್ಬ ಎಮ್ಮೆಯ ಹಾಗೆ ಕೂಗಿಯೂ ತೋರಿಸಿದ. ನಗದಿದ್ದವನು ದಳವಾಯಿ ಒಬ್ಬನೇ.

"ಏ, ಕಲಿಸೋರಿಗೆ ಹಂಗನ್ಬಾರ್ದು ಕಣ್ಲಾ," ಎಂದು ರಾಜನಿಗೆ ಹೇಳಿ, ಎದ್ದು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಎಲೆ ಮಡಿಚಿಕೊಟ್ಟ. "ತಗಳಿ ಮೇಷ್ಟ್ರೇ. ಅವ್ನು ಮಾತಾಡೋದೇ ಹಂಗೆ. ಮನಸಿಗೆ ಹಾಕ್ಕಬ್ಯಾಡಿ."

ನಾನು ಎಲೆ ಹಾಕಿಕೊಂಡು ನಗುತ್ತಲೇ ಮತ್ತೆ ಕಪ್ಪು ಒಂದರಲ್ಲಿ ಹಾಡು ಎತ್ತಿಕೊಂಡೆ.

ಆಟ ಸಂಜೆ ಶುರುವಾದರೆ ಮುಗಿಯುವುದು ಮಾರನೇ ದಿನ ಬಿಸಿಲು ಬಿದ್ದ ಮೇಲೆ. ಕೊನೆಯ ಹಾಡಿಗೆ ಸೂರ್ಯ ಹುಟ್ಟಬೇಕು, ಬಣ್ಣ ಇಳಿದ ಮುಖ ಜನಕ್ಕೆ ಕಾಣಬೇಕು, ಸೋತ ರಾಜ ಹಾಗೆಯೇ ಇರಬೇಕು ಎಂದು ನಾನೇ ಹಾಗೆ ಹೊಂದಿಸಿದ್ದೆ. ತಬಲಾದವನು ಅರಸೀಕೆರೆಯವನು, ನನ್ನ ಜೊತೆ ಹತ್ತು ವರ್ಷದಿಂದ ಅನ್ನ ತಿಂದವನು. ಅವನಿಗೆ ಎರಡು ದಿನ ಮುಂಚೆಯೇ, ಬಲಗೈಯ ತಬಲಾ ಇನ್ನೊಂದು ತಂದು ಕಪ್ಪು ಎರಡರ ಶ್ರುತಿಗೆ ಕೂರಿಸಿಟ್ಟುಕೋ ಎಂದಿದ್ದೆ. ಅವನು ನನ್ನ ಮುಖವನ್ನೇ ನೋಡಿ, "ಪಾಪ, ಗಂಟ್ಲು ಚೆನ್ನಾಗೈತೆ ಮೇಷ್ಟ್ರೇ," ಅಂದ. "ಚೆನ್ನಾಗಿರೋದಕ್ಕೇ," ಅಂದೆ.

ಇದನ್ನು ಇಷ್ಟು ವಿವರವಾಗಿ ಯಾಕೆ ಬರೆಯುತ್ತಿದ್ದೇನೆಂದರೆ, ಆ ಹೊತ್ತಿನ ಸಿಟ್ಟಿನಲ್ಲಿ ಆಗಿಹೋಯಿತು ಎಂದು ಯಾರೂ ನನ್ನ ಪರವಾಗಿ ಹೇಳದಿರಲಿ. ಎರಡು ದಿನ ಮುಂಚೆ ತಬಲಾ ಕೂರಿಸಿದ್ದೆ.

ರಾತ್ರಿಯಿಡೀ ರಾಜನ ಒಂದೊಂದು ಹಾಡಿಗೂ ಒನ್ಸ್ ಮೋರ್. ಸುತ್ತಲ ಹಳ್ಳಿಯವರೆಲ್ಲ ಬಂದಿದ್ದರು, ಹುಲಿಕೆರೆಯಿಂದ ಗಾಡಿ ಕಟ್ಟಿಕೊಂಡು ಬಂದವರೂ ಇದ್ದರು. ಬಿಸಿಲು ಪರದೆಯ ಮೇಲೆ ಬಿತ್ತು. ದಳವಾಯಿ ಎಲ್ಲರ ಕಣ್ಣೆದುರಿಗೆ ಎಲೆ ಮಡಿಚಿ, ಲವಂಗ ಚುಚ್ಚಿ, ಮಂಡಿಯೂರಿ ರಾಜನಿಗೆ ಕೊಟ್ಟ. ರಾಜ ಅದನ್ನು ಬಾಯಿಗೆ ಹಾಕಿಕೊಂಡು ಜಗಿದು, ಒಂದು ಹೆಜ್ಜೆ ಮುಂದೆ ಬಂದು ನನ್ನ ಕಡೆ ನೋಡಿದ. ನಾನು ಕಪ್ಪು ಎರಡು ಒತ್ತಿದೆ.

ಮೊದಲ ಸಾಲು ಹಾಡಿದ. ಎರಡನೆಯದಕ್ಕೆ ಹುಬ್ಬು ಗಂಟಾಯಿತು. ಮೂರನೆಯ ಸಾಲಿನ ತುದಿಯಲ್ಲಿ ಗಂಟಲು ಒಡೆಯಿತು. ಎರಡು ಸೀಳಾಗಿ ಬಂದ ಸದ್ದು ಅದು, ಮನುಷ್ಯರದಲ್ಲ. ಒಂದು ಕ್ಷಣ ಜನಕ್ಕೆ ನಂಬಿಕೆಯಾಗಲಿಲ್ಲ. ಆಮೇಲೆ ಹಿಂದಿನಿಂದ ಯಾರೋ, "ಏನ್ಲಾ ರಾಜ, ಹುಂಜ ನುಂಗಿದ್ಯಾ?" ಎಂದು ಕೂಗಿದ. ನಗು ಹಿಂದಿನಿಂದ ಮುಂದಕ್ಕೆ ಬಂತು. ಅವನ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದಳು, ಸೆರಗು ಬಾಯಿಗೆ ಒತ್ತಿಕೊಂಡಳು.

ಅಲ್ಲಿಗೇ ಶ್ರುತಿ ಇಳಿಸಬಹುದಿತ್ತು. ಕೀಟಲೆಗೆ ಜನ, "ಒನ್ಸ್ ಮೋರ್! ಒನ್ಸ್ ಮೋರ್!" ಎಂದು ಶುರುಮಾಡಿದರು. ರಾಜ ಹಟದವನು, ನನ್ನಂಥವನೇ. ಮತ್ತೆ ಹಾಡುತ್ತೇನೆ ಎಂದು ಕೈ ಮಾಡಿದ. ನಾನು ಮತ್ತೆ ಅದೇ ಕಪ್ಪು ಎರಡರಲ್ಲಿ ಎತ್ತಿಕೊಟ್ಟೆ. ಮತ್ತೆ ಒಡೆಯಿತು. ಮೂರನೇ ಸಲವೂ ಎತ್ತಿಕೊಟ್ಟೆ. ಆಗ ಗಂಟಲಿನಿಂದ ಸದ್ದೇ ಬರಲಿಲ್ಲ, ಗಾಳಿ ಮಾತ್ರ ಬಂತು. ಅವನು ಬಾಯಿ ತೆರೆದುಕೊಂಡು ಬಿಸಿಲಿನಲ್ಲಿ ನಿಂತಿದ್ದ. ಕೆಂಪು ಎಲೆರಸ ಗಲ್ಲಕ್ಕೆ ಇಳಿಯಿತು. ಪರದೆ ಎಳೆದರು.

ಆ ಗಂಟಲು ವಾಪಸು ಬರಲಿಲ್ಲ. ಹಾಸನದ ಡಾಕ್ಟರು ಆರು ತಿಂಗಳು ಮಾತೇ ಆಡಬೇಡ ಅಂದರಂತೆ. ಎಂಟನೇ ದಿನಕ್ಕೆ ಅವನು ಆಳುಗಳ ಮೇಲೆ ಕೂಗಾಡಿದ. ಹಾಡುವುದಿರಲಿ, ಮಾತೂ ಒಣ ಸೋಗೆ ಎಳೆದ ಹಾಗೆ ಆಗಿಹೋಯಿತು.

ನಾನು ಅಂದುಕೊಂಡದ್ದು ಒಂದು ಬೆಳಗಿನ ಅವಮಾನ. ಆದದ್ದು ಇದು. ಹೆದರಿಕೆಯಾಯಿತೇ ಎಂದರೆ ಆಯಿತು. ಆದರೆ ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಮ್ಮ ಕಡೆ ಒಂದು ನಂಬಿಕೆಯಿದೆ: ಹಾಡುವವನ ಹೊಟ್ಟೆಗೆ ಸಿಂಧೂರ ಹೋದರೆ ಕಂಠ ಹೋಗುತ್ತದೆ. ಹೊಟ್ಟೆಕಿಚ್ಚಿನವರು ಎಲೆಯಲ್ಲಿ, ಸುಣ್ಣದ ಜೊತೆ ಸವರಿ ಕೊಡುತ್ತಾರಂತೆ. ರಾಜನ ತಾಯಿ ಮಗನನ್ನು ಕೂರಿಸಿಕೊಂಡು, "ಯಾರ ಕೈಲಿ ಎಲೆ ತಿಂದ್ಯೋ ನನ್ನಪ್ಪಾ?" ಎಂದು ಕೇಳಿದಳು. ಮಾತು ಬಾರದ ಅವನು ಬಸ್ ಸ್ಟಾಪಿನ ಕಡೆಗೆ ಬೆರಳು ತೋರಿಸಿದ. ಅಷ್ಟೇ ಸಾಕಾಯಿತು. ಊರೆಲ್ಲ ಕಣ್ಣಾರೆ ಕಂಡಿತ್ತಲ್ಲ, ಎಲೆ ಹಾಕಿದ, ಹಾಡಿದ, ಗಂಟಲು ಒಡೆಯಿತು.

ಹದಿನೈದು ದಿನಕ್ಕೆ ನನಗೆ ಹೇಳಿಕಳುಹಿಸಿದರು. ಸ್ಕೂಲಿನ ಜಗುಲಿಯಲ್ಲಿ ಊರವರು ಸೇರಿದ್ದರು. ನನಗೆ ಕುರ್ಚಿ ಹಾಕಿದ್ದರು, ಅದನ್ನು ನಾನು ಗಮನಿಸಿದೆ. ರಾಜ ಕತ್ತಿಗೆ ಟವಲು ಸುತ್ತಿಕೊಂಡು ಒಂದು ಕಂಬಕ್ಕೆ ಒರಗಿದ್ದ. ದಳವಾಯಿ ಅಂಗಳದಲ್ಲಿ ನಿಂತಿದ್ದ. ಊರ ಯಜಮಾನರು ಕೇಳಿದರು:

"ಮೇಷ್ಟ್ರೇ, ಸಂಗೀತ ತಿಳಿದೋರು ನೀವು. ಸಿಂಧೂರಕ್ಕೆ ಕಂಠ ಹೋಯ್ತದಾ ಇಲ್ವಾ, ಅಷ್ಟು ಹೇಳ್ಬಿಡಿ. ಮಿಕ್ಕಿದ್ದು ನಾವು ನೋಡ್ಕಂತೀವಿ."

ನಾನು ಬಾಯಿ ತೆರೆಯುವ ಮುಂಚೆ ದಳವಾಯಿಯೇ ಮಾತಾಡಿದ. "ಮೇಷ್ಟ್ರೇ, ಮೂರು ತಿಂಗ್ಳು ನೀವೂ ನನ್ ಕೈಲೇ ಎಲೆ ತಿಂದಿದ್ದೀರಿ. ನಿಮ್ ಗಂಟ್ಲು ಹೋಯ್ತಾ? ಅದ್ನೊಂದು ಹೇಳಿ ಸಾಕು."

ಸರಿಯಾದ ಮಾತು. ಅದಕ್ಕೆ ಇಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿತನಕ ಬಂದಿತ್ತು ಕೂಡ. ಅಷ್ಟರಲ್ಲಿ ಜಗುಲಿಯ ತುದಿಯಿಂದ ಒಬ್ಬ, "ಮೇಷ್ಟ್ರ ಗಂಟ್ಲು ಹೋಗಾಕೆ ಮೊದ್ಲು ಇರಬೇಕಲ್ಲಪ್ಪಾ!" ಅಂದ.

ನ್ಯಾಯಕ್ಕೆ ಕೂತ ಜನ ನ್ಯಾಯ ಮರೆತು ನಕ್ಕರು. ಯಜಮಾನರೂ ಮೀಸೆ ಒರೆಸಿಕೊಂಡರು. ಟವಲು ಸುತ್ತಿದ ರಾಜನ ಭುಜವೂ ಅಲುಗಿತು. ದಳವಾಯಿ ಮಾತ್ರ ನನ್ನ ಬಾಯನ್ನೇ ನೋಡುತ್ತ ನಿಂತಿದ್ದ.

"ಹೋಗುತ್ತೆ," ಅಂದೆ. "ಸಿಂಧೂರ ಹೊಟ್ಟೆಗೆ ಹೋದರೆ ಕಂಠ ಹೋಗುತ್ತೆ. ನಮ್ಮ ಗುರುಗಳ ಕಾಲದಲ್ಲೂ ಆಗಿತ್ತು. ಒಬ್ಬೊಬ್ಬರ ಮೈಗೆ ಒಂದೊಂದು ಥರ ಹತ್ತುತ್ತೆ."

ಇವನೇ ಹಾಕಿದ ಎಂದು ನಾನು ಹೇಳಲಿಲ್ಲ. ಎಷ್ಟೋ ವರ್ಷ ಅದೊಂದನ್ನೇ ಹಿಡಿದುಕೊಂಡಿದ್ದೆ.

ಹೊಡೆಯಲಿಲ್ಲ, ದಂಡ ಹಾಕಲಿಲ್ಲ. ಇವನ ಕೈಯ ಎಲೆಯನ್ನು ಊರಲ್ಲಿ ಯಾರೂ ಮುಟ್ಟಕೂಡದು ಎಂದರು, ಅಷ್ಟೇ. ಎಲೆ ಮಾರುವವನಿಗೆ ಅದಕ್ಕಿಂತ ಹೊಡೆದಿದ್ದರೆ ಚೆನ್ನಾಗಿತ್ತು. ಅವನು ದಿನಾ ಅಂಗಡಿ ತೆಗೆದು, ಎಲೆಗೆ ನೀರು ಚಿಮುಕಿಸಿ ಕೂರುವನು, ಸಂಜೆಗೆ ಬಾಡಿದ್ದನ್ನು ಹಸುವಿಗೆ ಹಾಕುವನು. ಜಾವಗಲ್ ಸಂತೆಗೆ ಕಟ್ಟು ಹೊತ್ತುಕೊಂಡು ಹೋದ. ಅಲ್ಲಿ ಮೊದಮೊದಲು ಹೋಯಿತು; ಆಮೇಲೆ ಒಬ್ಬ ಹೆಂಗಸು ಕಟ್ಟು ಕೈಗೆತ್ತಿಕೊಂಡರೆ ಪಕ್ಕದವಳು ಕಿವಿಯಲ್ಲಿ ಏನೋ ಅನ್ನುವಳು, ಎತ್ತಿಕೊಂಡವಳು ಕಟ್ಟು ಕೆಳಗಿಡುವಳು. ಎರಡು ವರ್ಷ ತಡೆದ. ಆಮೇಲೆ ನಾನು ಅವನನ್ನು ಕಂಡದ್ದು ಅರಸೀಕೆರೆಯ ಮಂಡಿಯಲ್ಲಿ, ನಾನು ಚಿಕ್ಕಂದಿನಲ್ಲಿ ಕೂರುತ್ತಿದ್ದ ಶೆಡ್ಡಿನಲ್ಲೇ, ತೆಂಗಿನಕಾಯಿ ಸುಲಿಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. "ಚೆನ್ನಾಗಿದ್ದೀರಾ ಮೇಷ್ಟ್ರೇ?" ಅಂದ. ಅವನ ಕೈಗೆ ಆ ಕೆಲಸ ಹೊಸದು, ಬೆರಳಿಗೆಲ್ಲ ಬಟ್ಟೆ ಸುತ್ತಿಕೊಂಡಿದ್ದ. ಕಾಯನ್ನು ಹೇಗೆ ತಿರುಗಿಸಿ ಚುಚ್ಚಬೇಕು ಎಂದು ತೋರಿಸಿಕೊಟ್ಟು ಬಂದೆ.

ನನಗೋ, ಆ ಜಗುಲಿಯಿಂದಲೇ ಯೋಗ ತಿರುಗಿತು. ಆ ಮೇಷ್ಟ್ರು ಮುಖ ನೋಡದೆ ನ್ಯಾಯ ಹೇಳುತ್ತಾರೆ ಎಂದು ಮಾತು ಹಬ್ಬಿತು. ನಾಟಕ ಕಲಿಸಲು ಹೋದ ಊರಲ್ಲಿ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲು ಎಲ್ಲ ನನ್ನ ಮುಂದೆ ಬಂದವು. ಟೀವಿ ಬಂದು ನಾಟಕಗಳು ಕಮ್ಮಿಯಾದ ಹಾಗೆ ನ್ಯಾಯಗಳು ಜಾಸ್ತಿಯಾದವು. ಎರಡು ಸಾವಿರ ಇಸವಿ ಕಳೆದ ಮೇಲೆ ತಾಲ್ಲೂಕು ಪಂಚಾಯಿತಿಗೆ ನಿಲ್ಲಿ ಎಂದರು. ನಿಂತೆ.

ಎದುರಾಳಿ ವಕೀಲ. "ಆರನೇ ಕ್ಲಾಸು, ಪೆಟ್ಟಿಗೆ ಬಾರ್ಸೋನು," ಎಂದು ಊರೂರಲ್ಲಿ ಹೇಳಿದ. ನಾನು ಆ ಪೆಟ್ಟಿಗೆಯನ್ನೇ ಟೆಂಪೋ ಮೇಲೆ ಇಟ್ಟುಕೊಂಡು ಹೋದೆ. ನನ್ನ ಜೊತೆ ಟೆಂಪೋದಲ್ಲಿ ನಿಂತವನು ರಾಜ. ಅವನಾಗೇ ಬಂದ, ನಾನು ಕರೆಯಲಿಲ್ಲ. ಮೈಕ್ ಹಿಡಿದು ಆ ಒಣ ಗಂಟಲಲ್ಲಿ ಎಲ್ಲ ಊರಲ್ಲೂ ಒಂದೇ ಮಾತು ಹೇಳುತ್ತಿದ್ದ: "ನನ್ ಕಂಠ ಕೆಡಿಸ್ದಾಗ ನ್ಯಾಯ ಹೇಳ್ದೋರು ಇವ್ರು." ಹೆಂಗಸರು ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಪೆಟ್ಟಿಗೆಯ ಮೇಲೆ ಕಣ್ಣಿಟ್ಟು ನುಡಿಸುತ್ತಿದ್ದೆ. ಗೆದ್ದೆ, ಚೆನ್ನಾಗಿಯೇ ಗೆದ್ದೆ. ಆಫೀಸಿಗೆ ಹೋದ ಮೊದಲ ದಿನ ಸಾಹೇಬರು ತಂದಿಟ್ಟ ಕಾಗದವನ್ನು ಅಕ್ಷರ ಅಕ್ಷರ ಓದಿ ಸಹಿ ಹಾಕಿದೆ. ಅರ್ಧ ಗಂಟೆ ಹಿಡಿಯಿತು. ಅವರು ನಿಂತೇ ಇದ್ದರು.

ಗೆದ್ದ ವಾರದಲ್ಲೇ ಒಂದು ಬೆಳಿಗ್ಗೆ ದಳವಾಯಿ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ, ಬಾಗಿಲ ಹತ್ತಿರವೇ ನಿಂತ. ತಲೆ ಪೂರ್ತಿ ಬೆಳ್ಳಗಾಗಿತ್ತು.

"ನಮ್ಮೂರಲ್ಲಿ ನಿಮ್ಗೆ ಸನ್ಮಾನ ಮಾಡ್ತಾರಂತೆ," ಅಂದ. "ಅವತ್ತು ನಾನೊಂದು ತಟ್ಟೇಲಿ ಎಲೆ ಹಿಡ್ಕಂಡು ಬತ್ತೀನಿ. ಎಲ್ಲಾರೆದುರಿಗೆ ಒಂದೇ ಒಂದು ಎಲೆ ನನ್ ಕೈಯಿಂದ ತಗಂಡು ಬಾಯಿಗೆ ಹಾಕ್ಕಳಿ ಮೇಷ್ಟ್ರೇ. ಬೇರೇನೂ ಹೇಳ್ಬ್ಯಾಡಿ. ನೀವು ತಿಂದ್ರೆ ಊರು ತಿಂತದೆ. ನನ್ ಅಂಗ್ಡಿ ಬಾಗ್ಲು ಇನ್ನೂ ಮುರ್ದಿಲ್ಲ, ಹಂಗೇ ಐತೆ."

"ನೀನು ಹಾಕಿಲ್ಲ ಅಂತ ಹೇಳಬೇಕಾ?" ಅಂದೆ.

"ಹಾಕಿಲ್ಲ ಅಂತ ನಾನೇ ಇಷ್ಟು ವರ್ಷ ಹೇಳ್ದೆ. ಮಾತು ಯಾವೋನು ಕೇಳ್ತಾನೆ? ಜಗೀರಿ, ಸಾಕು."

"ಆಗಲಿ, ಬಾ," ಅಂದೆ. ಆ ಹೊತ್ತಿನಲ್ಲಿ ಮನಸಾರೆ ಅಂದ ಮಾತೇ ಅದು. ಅವನು ಬಗ್ಗಿ ನನ್ನ ಕಾಲು ಮುಟ್ಟಿದ.

ಸನ್ಮಾನಕ್ಕೆ ಮುಂಚೆ ಗೆದ್ದದ್ದಕ್ಕೆ ಹರಕೆ ಇತ್ತು, ಮಾಲೇಕಲ್ಲಿನ ಬೆಟ್ಟದ ದೇವಸ್ಥಾನಕ್ಕೆ ಹೋದೆ. ರಾಜನೂ ಬಂದ. ಬೆಟ್ಟದ ಮೆಟ್ಟಿಲು ಅರ್ಧ ಹತ್ತಿ ಸುಧಾರಿಸಿಕೊಳ್ಳಲು ಒಂದು ಬಂಡೆಯ ಮೇಲೆ ಕೂತೆವು. ದಳವಾಯಿ ಮನೆಗೆ ಬಂದಿದ್ದ, ಸನ್ಮಾನದ ದಿನ ಅವನ ಕೈಯಿಂದ ಎಲೆ ತೆಗೆದುಕೊಳ್ಳುತ್ತೇನೆ, ವರ್ಷ ಎಷ್ಟಾಯಿತು, ಪಾಪ, ಸಾಕು ಅಂದೆ.

ರಾಜ ಟವಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಕೇಳಿದ: "ಮೇಷ್ಟ್ರೇ, ಅವತ್ತು ಪೆಟ್ಟಿಗೆ ಎಷ್ಟು ಏರ್ಸಿದ್ರಿ?"

ನಾನು ಹಣ್ಣಿನ ಚೀಲವನ್ನು ಈ ಕಡೆಯಿಂದ ಆ ಕಡೆಗೆ ಎತ್ತಿಟ್ಟೆ.

"ಸುಳ್ಳು ಹೇಳ್ಬ್ಯಾಡಿ. ಮೂರು ತಿಂಗ್ಳು ದಿನಾ ಅದೇ ಶ್ರುತೀಲಿ ನಿಂತೋನು ನಾನು. ನಿಮ್ಮ ಪೆಟ್ಟಿಗೆ ಬಾಯಿ ಬಿಟ್ಟ ತಕ್ಷಣ ಗೊತ್ತಾಯ್ತು. ಏರ್ಸವ್ನೆ ನನ್ಮಗ, ನೋಡೇಬಿಡಾನ ಅಂತ ಹಾಡ್ದೆ. ಮುಟ್ಟಾಕಾಗ್ಲಿಲ್ಲ."

"ಮತ್ತೆ ಬಸ್ ಸ್ಟಾಪಿನ ಕಡೆ ಯಾಕೆ ಕೈ ತೋರ್ಸಿದೆ?"

ಅವನು ನಕ್ಕ. ಆ ಗಂಟಲಿನ ನಗು ಕೆಮ್ಮಿನ ಹಾಗಿತ್ತು. "ಇನ್ನೇನ್ ತೋರ್ಸ್ಲಿ? ಮೇಷ್ಟ್ರು ಶ್ರುತಿ ಏರ್ಸಿದ್ರು, ನನ್ ಕೈಲಿ ಆಗ್ಲಿಲ್ಲ ಅಂತ ಊರಿಗೆ ಹೇಳ್ಲಾ? ಆಗ್ದೋನು ಅಂತಾರೆ. ಮದ್ದು ಹಾಕಿ ಕೆಡಿಸಿದ ಕಂಠ ಅಂದ್ರೆ ಇವತ್ತಿಗೂ ಮರ್ಯಾದೆ ಐತೆ. ಎಂಥಾ ಗಂಟ್ಲು ಇತ್ತು, ಹಾಳು ಮಾಡಿದ್ರು ಅಂತಾರೆ. ನನ್ ಮೊಮ್ಮಕ್ಕಳೂ ಅಂತವೆ."

"ಅವನು ನಿನಗೇನು ಮಾಡಿದ್ದ?"

"ಏನೂ ಮಾಡಿರ್ಲಿಲ್ಲ. ಎಲೆ ಕೊಟ್ಟಿದ್ದ."

ಕೋತಿಯೊಂದು ಬಂದು ನಮ್ಮ ಹಣ್ಣಿನ ಚೀಲಕ್ಕೆ ಕೈ ಹಾಕಿತು. ರಾಜ ಅದನ್ನು ಓಡಿಸಿ, ಎದ್ದು, ಪಂಚೆ ಕೊಡವಿಕೊಂಡು ಹೇಳಿದ: "ನೀವು ಆ ಎಲೆ ಜಗುದ್ರೆ ಮದ್ದು ಇರ್ಲಿಲ್ಲ ಅಂತಾಯ್ತದೆ. ಮದ್ದು ಇರ್ಲಿಲ್ಲ ಅಂದ್ರೆ, ಮತ್ತೇನಾಯ್ತು ಅಂತ ಜನ ಕೇಳ್ತಾರೆ. ಆಗ ನಾನೂ ಬಾಯಿ ಬಿಡ್ಬೇಕಾಯ್ತದೆ. ತಬಲಾದೋನು ಇನ್ನೂ ಬದುಕವ್ನೆ, ಅವನ್ನೂ ಕರಸ್ತೀನಿ. ನಿಮಗೆ ಬಿಟ್ಟಿದ್ದು." ಆಮೇಲೆ ಕೈ ನೀಡಿ ನನ್ನನ್ನು ಎಬ್ಬಿಸಿದ. ಮಿಕ್ಕ ಮೆಟ್ಟಿಲು ಇಬ್ಬರೂ ಒಟ್ಟಿಗೇ ಹತ್ತಿದೆವು. ಮಂಗಳಾರತಿಯನ್ನು ಮೊದಲು ನನ್ನ ಕಡೆಗೆ ತಿರುಗಿಸಲು ಅವನೇ ಪೂಜಾರಿಗೆ ಹೇಳಿದ.

ಸನ್ಮಾನ ಅದೇ ಸ್ಕೂಲಿನ ಮುಂದೆ, ಅದೇ ಅಂಗಳದಲ್ಲಿ. ಶಾಮಿಯಾನ, ಮೈಕ್, ಪೇಟ, ಶಾಲು. ರಾಜ ವೇದಿಕೆಯ ಮೇಲೆ ನನ್ನ ಎಡಕ್ಕೆ ಕೂತಿದ್ದ. ಭಾಷಣಗಳು ಮುಗಿಯುವ ಹೊತ್ತಿಗೆ ಜನರ ನಡುವೆ ದಾರಿ ಬಿಟ್ಟಂತಾಯಿತು. ದಳವಾಯಿ ಬರುತ್ತಿದ್ದ. ಬಿಳಿ ಅಂಗಿ ಹಾಕಿದ್ದ, ಇಸ್ತ್ರಿಯ ಗೆರೆ ಎದ್ದು ಕಾಣುತ್ತಿತ್ತು. ಎರಡೂ ಕೈಯಲ್ಲಿ ಹಿತ್ತಾಳೆ ತಟ್ಟೆ, ಒದ್ದೆ ಬಟ್ಟೆಯ ಮೇಲೆ ಎಲೆ. ಅವನು ಮೆಟ್ಟಿಲು ಹತ್ತಿ ನನ್ನ ಮುಂದೆ, ನಾಟಕದಲ್ಲಿ ನಾನೇ ಕಲಿಸಿದ ಹಾಗೆ, ಮಂಡಿಯೂರಿದ. ಎಲೆ ಮಡಿಚಿ, ಲವಂಗ ಚುಚ್ಚಿ, ಎತ್ತಿ ಹಿಡಿದ. ಕಾಯಿ ಸುಲಿದು ಸುಲಿದು ಬೆರಳುಗಳು ಕೊರಡಾಗಿದ್ದವು. ಮಡಿಕೆ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ.

ನಾನು ತೆಗೆದುಕೊಂಡೆ. ಜನ ಉಸಿರು ಬಿಟ್ಟದ್ದು ಕೇಳಿಸಿತು. ಅವನ ಕಣ್ಣು ತುಂಬಿತು.

ಎಲೆಯನ್ನು ಕಣ್ಣಿಗೆ ಒತ್ತಿಕೊಂಡೆ, ಪ್ರಸಾದಕ್ಕೆ ಮಾಡುವ ಹಾಗೆ. ಆಮೇಲೆ ಅಂಗಿಯ ಜೇಬಿಗೆ ಹಾಕಿಕೊಂಡೆ.

ಅವನು ಎದ್ದೇಳಲಿಲ್ಲ. "ಹಾಕ್ಕಳಿ ಮೇಷ್ಟ್ರೇ," ಎಂದು ನನಗಷ್ಟೇ ಕೇಳುವಂತೆ ಅಂದ. "ಆಮೇಲೆ," ಅಂದೆ. "ಆಮೇಲೆ ಅಂದ್ರೆ ಏನೂ ಆಗಲ್ಲ ಮೇಷ್ಟ್ರೇ." ಮೈಕ್ ಹತ್ತಿರವಿತ್ತು. ನಾನು ಮುಖ ತಿರುಗಿಸಿ ವಂದನಾರ್ಪಣೆ ಶುರುಮಾಡಿ ಅಂದೆ. ಮುಂದಿನ ಸಾಲಿನಿಂದ ಒಬ್ಬ ಹೆಂಗಸು, "ನೋಡ್ದಾ, ಮೇಷ್ಟ್ರು ಬಾಯಿಗೆ ಹಾಕ್ಕಳ್ಳಿಲ್ಲ," ಎಂದು ಪಕ್ಕದವಳಿಗೆ ಹೇಳಿದ್ದು ಸ್ಪಷ್ಟವಾಗಿ ಕೇಳಿತು. ರಾಜ ಚಪ್ಪಾಳೆ ತಟ್ಟಿದ, ಜನರೆಲ್ಲ ತಟ್ಟಿದರು. ದಳವಾಯಿ ತಟ್ಟೆ ಎತ್ತಿಕೊಂಡು ಇಳಿದು ಹೋದ. ದಾರಿ ಬಿಟ್ಟವರು ಈ ಸಲ ಸ್ವಲ್ಪ ಜಾಸ್ತಿಯೇ ಬಿಟ್ಟರು.

ಅವನು ಮತ್ತೆ ಊರಿಗೆ ಹೋಗಲಿಲ್ಲ. ಮಂಡಿಯಲ್ಲೇ ಇನ್ನೂ ಮೂರು ನಾಲ್ಕು ವರ್ಷ ಕಾಯಿ ಸುಲಿದ. ನಾನು ಆ ಬೀದಿ ಬಿಟ್ಟು ಬೇರೆ ಬೀದಿಯಲ್ಲಿ ಓಡಾಡಿದೆ. ಸತ್ತ ಸುದ್ದಿ ತಿಳಿದಾಗ ಹೂವಿನ ಹಾರ ಕಳುಹಿಸಿದೆ. ಅವನ ಮಗ ಅದನ್ನು ವಾಪಸು ಕಳುಹಿಸಿದ.

ಎಲೆಯಲ್ಲಿ ಏನೂ ಇರಲಿಲ್ಲ. ಕಪ್ಪು ಒಂದರಿಂದ ಕಪ್ಪು ಎರಡಕ್ಕೆ ಏರಿಸಿದವನು ನಾನು. ರಾಜನೂ ಈಗಿಲ್ಲ, ತಬಲಾದವನೂ ಇಲ್ಲ. ನನ್ನನ್ನು ಹಿಡಿದುಹಾಕುವವರು ಯಾರೂ ಉಳಿದಿಲ್ಲ ಎಂದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಅದೂ ನನಗೆ ಗೊತ್ತು.

ಸನ್ಮಾನದ ದಿನ ಮನೆಗೆ ಬಂದವನು ಶಾಲು, ಪೇಟ ಹೆಂಡತಿಯ ಕೈಗೆ ಕೊಟ್ಟು ಕೋಣೆಯ ಬಾಗಿಲು ಹಾಕಿಕೊಂಡೆ. ಜೇಬಿನಿಂದ ಆ ಎಲೆ ತೆಗೆದೆ. ಮೈಶಾಖಕ್ಕೆ ಸ್ವಲ್ಪ ಬಾಡಿತ್ತು, ಲವಂಗ ಹಾಗೆಯೇ ನಿಂತಿತ್ತು. ಬಾಯಿಗೆ ಹಾಕಿಕೊಂಡು ಜಗಿದೆ. ಎಳೆಯ ಎಲೆ, ಅಡಿಕೆ ಮಾಗಿದ್ದು, ಸುಣ್ಣ ಹದವಾಗಿತ್ತು. ಅಷ್ಟು ವರ್ಷ ಕಾಯಿ ಸುಲಿದ ಕೈ ಹದ ಮರೆತಿರಲಿಲ್ಲ. ಪೂರ್ತಿ ಜಗಿದು, ರಸ ನುಂಗಿ, ಹಿತ್ತಲಿಗೆ ಹೋಗಿ ಯಾರಿಗೂ ಕಾಣದಂತೆ ಬಾಯಿ ತೊಳೆದುಕೊಂಡೆ.